ಓಪನ್ ಸೋರ್ಸ್ ಪ್ರಾಜೆಕ್ಟಿನ ರಿಲೀಸ್ ಕೆಲಸಕ್ಕೆ ಸೇರಬೇಕು, ಮೊದಲು ಯಾವ ಟೂಲ್ ಕಲಿಯಲಿ?

ನಾನೂ ಟೂಲ್‌ನಿಂದಲೇ ಶುರು ಮಾಡಿದ್ದೆ. ಎರಡು ತಿಂಗಳು ಸಿಐ (ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್, ಟೆಸ್ಟ್ ನಡೆಸುವ ವ್ಯವಸ್ಥೆ) ಸ್ಕ್ರಿಪ್ಟ್ ತಿದ್ದಿದ ಮೇಲೆ ನನ್ನನ್ನು ನಂಬಿ ಒಂದು ರಿಲೀಸ್ ಕೊಟ್ಟರು: 2.4.0. ಟೆಸ್ಟ್ ಎಲ್ಲ ಪಾಸಾಗಿತ್ತು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಟ್ಯಾಗ್ (ಇದೇ ಆ ರಿಲೀಸಿನ ಕೋಡ್ ಅಂತ ಹೇಳುವ ಹೆಸರಿನ ಗುರುತು) ಹಾಕಿ, ಎಲ್ಲರೂ ಬಳಸುವ ರೆಪೋಗೆ ಪುಶ್ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಒಬ್ಬರು ಹೇಳಿದರು, ಪ್ರೋಗ್ರಾಂ ಇನ್ನೂ 2.3.9 ಅಂತಲೇ ತೋರಿಸ್ತಿದೆ.

ಕೋಡಿನಲ್ಲಿ ವರ್ಷನ್ ನಂಬರ್ ಇರುವ ಒಂದೇ ಸಾಲು ಬದಲಿಸುವುದು ಮರೆತಿದ್ದೆ. ಇಷ್ಟಕ್ಕೆ ಹೊಸ ನಂಬರ್ ಯಾಕೆ ಅನ್ನಿಸಿತು. ಸಾಲು ತಿದ್ದಿದೆ, ಹಳೇ ಟ್ಯಾಗ್ ಅಳಿಸಿದೆ, ಅದೇ ಹೆಸರಿನ ಟ್ಯಾಗನ್ನು ಹೊಸ ಕಮಿಟ್ (ದಾಖಲಾದ ಬದಲಾವಣೆ) ಮೇಲೆ ಹಾಕಿ ಫೋರ್ಸ್ ಪುಶ್ ಮಾಡಿದೆ, ಅಂದರೆ ರೆಪೋದಲ್ಲಿದ್ದದ್ದನ್ನು ಬಲವಂತವಾಗಿ ಬದಲಿಸಿದೆ.

ಇದು ಎಂಥ ತಪ್ಪು ಅಂತ ಬಿಡಿಸಿ ಹೇಳಲೇಬೇಕು. ಬ್ರಾಂಚ್ (ಕೋಡಿನ ಕೆಲಸ ನಡೆಯುವ ಕವಲು) ಮುಂದೆ ಹೋಗುತ್ತಾ ಇರುತ್ತದೆ, ಟ್ಯಾಗ್ ಕದಲಬಾರದು. ಆ ಇಪ್ಪತ್ತು ನಿಮಿಷದಲ್ಲಿ ಫೆಚ್ ಮಾಡಿದವರ, ಅಂದರೆ ರೆಪೋದಿಂದ ತಮ್ಮ ಕಂಪ್ಯೂಟರಿಗೆ ತಂದುಕೊಂಡವರ ಹತ್ತಿರ ಹಳೇ 2.4.0 ಹಾಗೇ ಉಳಿಯಿತು. ಗಿಟ್ 2.20ರಿಂದ ಈಚೆಗೆ, ಫೋರ್ಸ್ ಕೊಡದೆ ಫೆಚ್ ಮಾಡಿದರೆ ಮೊದಲೇ ಇರುವ ಟ್ಯಾಗ್ ಬದಲಾಗುವುದಿಲ್ಲ. ಡಿಸ್ಟ್ರೋಗಳಿಗೆ (ಉಬುಂಟು, ಡೆಬಿಯನ್ ಥರದ ಲಿನಕ್ಸ್‌ಗಳಿಗೆ) ಪ್ಯಾಕೇಜ್ ಮಾಡುವವರು ಟಾರ್‌ಬಾಲ್‌ನ (ಕೋಡನ್ನೆಲ್ಲ ಕಟ್ಟಿಟ್ಟ ಒಂದು ಫೈಲ್) ಚೆಕ್‌ಸಮ್, ಅಂದರೆ ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಂಡಿದ್ದರು. ಅದು ತಾಳೆಯಾಗದೆ ಅವರ ಬಿಲ್ಡ್ ನಿಂತುಹೋಯಿತು. ಚೆಕ್‌ಸಮ್ ತಪ್ಪಿದರೆ ಯಾರೋ ಫೈಲ್ ಒಳಗೆ ಕೈಯಾಡಿಸಿದ್ದಾರೆ ಅಂತ ಅನುಮಾನ ಪಡುವುದೇ ಅವರ ಕೆಲಸ, ಅಲ್ವಾ? 'ನಿಮ್ಮ ರೆಪೋ ಹ್ಯಾಕ್ ಆಗಿದೆಯಾ?' ಅಂತ ಬಂದ ಮೇಲ್ ಓದಿ ಕೈಕಾಲು ತಣ್ಣಗಾಯಿತು. ಆಮೇಲೆ ವಾರಗಟ್ಟಲೆ ಬಗ್ ರಿಪೋರ್ಟ್ ಕೊಟ್ಟವರನ್ನೆಲ್ಲ 'ನಿಮ್ಮದು ಯಾವ 2.4.0?' ಅಂತ ಕೇಳಬೇಕಾಯಿತು. 2.4.1 ಬಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಗಿಟ್ ಟ್ಯಾಗ್‌ನ ಮ್ಯಾನ್ ಪೇಜ್‌ನಲ್ಲೇ ಇದೆ, ತಪ್ಪಾಯಿತು ಅಂತ ಒಪ್ಪಿಕೊಂಡು ಬೇರೆ ಹೆಸರು ಬಳಸಿ ಅಂತ. ನಾನು ಓದಿರಲಿಲ್ಲ.

ಹಾಗಾಗಿ ಟೂಲ್ ಚಿಂತೆ ಬಿಡಿ, ಅದು ವಾರದಲ್ಲಿ ಬರುತ್ತದೆ. ನೀವು ಕೊಟ್ಟ ನಂಬರನ್ನು ಯಾರ್ಯಾರು ನೆಚ್ಚಿಕೊಂಡಿದ್ದಾರೆ ಅನ್ನೋದನ್ನು ಮೊದಲು ನೋಡಿ. ಮುಂದಿನ ಆರ್‌ಸಿ (ರಿಲೀಸ್‌ಗೆ ಮೊದಲು ಪರೀಕ್ಷೆಗೆ ಬಿಡುವ ಆವೃತ್ತಿ) ಬಂದಾಗ ಹಳೇ ವರ್ಷನ್ ಮೇಲೆ ಅಪ್‌ಗ್ರೇಡ್ ಮಾಡಿ ನೋಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಿ ಪರೀಕ್ಷಿಸುವವರು ಬೇಕಾದಷ್ಟು ಜನ, ಆದರೆ ಒಡೆಯುವುದು ಅಪ್‌ಗ್ರೇಡ್‌ನಲ್ಲೇ ಜಾಸ್ತಿ. ಚೇಂಜ್‌ಲಾಗ್ (ಈ ಸಲ ಏನೇನು ಬದಲಾಯಿತು ಅನ್ನುವ ಪಟ್ಟಿ) ಬರೆಯಲು ಮುಂದಾಗಿ, ಬೇಡ ಅನ್ನುವವರನ್ನು ನಾನಂತೂ ಕಂಡಿಲ್ಲ. ದೊಡ್ಡ ಪ್ರಾಜೆಕ್ಟೇ ಬೇಕು ಅಂದರೆ ಕುಬರ್ನೆಟೀಸ್ (ಸರ್ವರ್‌ಗಳಲ್ಲಿ ಓಡುವ ಕಂಟೇನರ್‌ಗಳನ್ನು ನಿಭಾಯಿಸುವ ತಂತ್ರಾಂಶ) ರಿಲೀಸ್ ಟೀಮ್‌ನಲ್ಲಿ 'ಶಾಡೋ' ಜಾಗಗಳಿವೆ. ಒಂದು ರಿಲೀಸಿನ ಪೂರ್ತಿ ಸೈಕಲ್, ಕೆಲಸದ ಹೊಣೆ ಹೊತ್ತ ಲೀಡ್ ಜೊತೆಗಿದ್ದು ಕಲಿಯಬಹುದು.

ಸಣ್ಣ ಪ್ರಾಜೆಕ್ಟಾದರೆ ಹಿಂದಿನ ರಿಲೀಸ್ ಮಾಡಿದವರಿಗೆ ಇವತ್ತೇ ಬರೆಯಿರಿ: ಮುಂದಿನ ಸಲ ನೀವು ಮಾಡುವಾಗ ಜೊತೆಗಿದ್ದು ಒಂದೊಂದು ಹೆಜ್ಜೆಯನ್ನೂ ಬರೆದುಕೊಳ್ಳಲಾ ಅಂತ. ಎಷ್ಟೋ ಕಡೆ ಆ ಚೆಕ್‌ಲಿಸ್ಟ್ ಇರುವುದು ಒಬ್ಬರ ತಲೆಯಲ್ಲಿ ಮಾತ್ರ.