ಇ20 ಪೆಟ್ರೋಲಿನಿಂದ ಮೈಲೇಜ್ ನಿಜವಾಗಿ ಎಷ್ಟು ಇಳಿಯುತ್ತದೆ?

2019ರಲ್ಲಿ ಕೊಂಡ ನಿಮ್ಮ ಪೆಟ್ರೋಲ್ ಕಾರು ಮೊದಲು ಲೀಟರಿಗೆ 16 ಕಿ.ಮೀ. ಕೊಡುತ್ತಿತ್ತು, ಈಗ 13ಕ್ಕೆ ಇಳಿದಿದೆ, ಇದಕ್ಕೆ ಪೆಟ್ರೋಲಿಗೆ ಸೇರಿಸುವ ಎಥೆನಾಲ್ ಎಂಬ ಮದ್ಯಸಾರದ ಬೆರಕೆಯೇ ಕಾರಣವೇ ಎಂದು ಕೇಳಿದ್ದೀರಿ. ಒಂದು ಭಾಗಕ್ಕೆ ಅದು ಕಾರಣ ಹೌದು. ಆದರೆ ಮೂರು ಕಿಲೋಮೀಟರಿನ ಇಡೀ ಹೊಣೆಯನ್ನು ಅದರ ತಲೆಗೆ ಕಟ್ಟಲು ಲೆಕ್ಕ ಒಪ್ಪುವುದಿಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 32 ಮೆಗಾಜೌಲ್ ಶಕ್ತಿ ಹೊರಬರುತ್ತದೆ. ಒಂದು ಲೀಟರ್ ಎಥೆನಾಲಿನಿಂದ ಬರುವುದು ಸುಮಾರು 21 ಮಾತ್ರ. ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ, ಅದು ಒಂದು ಅರ್ಥದಲ್ಲಿ ಆಗಲೇ ಅರೆಬರೆ ಸುಟ್ಟ ಸೌದೆಯಂತೆ. ಹೀಗಾಗಿ ಶೇ. 20ರಷ್ಟು ಎಥೆನಾಲ್ ಬೆರೆತ ಇ20ಯಲ್ಲಿ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಲೀಟರಿಗೆ ಶೇ. 7ರಷ್ಟು ಶಕ್ತಿ ಕಡಿಮೆ. ನಾವು ಹೋಲಿಸುತ್ತಿರುವುದು ಶುದ್ಧ ಪೆಟ್ರೋಲಿಗಲ್ಲ ಎಂಬುದನ್ನು ಹಲವರು ಮರೆಯುತ್ತಾರೆ: 2022ರ ಜೂನ್ ಹೊತ್ತಿಗೇ ದೇಶದಲ್ಲಿ ಸರಾಸರಿ ಬೆರಕೆ ಶೇ. 10 ಮುಟ್ಟಿತ್ತು, ಇ20 ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲೇ. ಶೇ. 10ರ ಬೆರಕೆಯಾದ ಇ10ರಿಂದ ಇ20ಗೆ ಬಂದಾಗ ಕಡಿಮೆಯಾಗುವ ಶಕ್ತಿ ಶೇ. 3.5ರ ಆಸುಪಾಸು.

ಇಂಧನದ ಶಕ್ತಿ ಇಷ್ಟು ಇಳಿದರೆ ಮೈಲೇಜೂ ಅಷ್ಟೇ ಇಳಿಯಬೇಕೆಂದಿಲ್ಲ, ಏಕೆಂದರೆ ಎಥೆನಾಲಿನ ಆಕ್ಟೇನ್ ಮಟ್ಟ (ಒತ್ತಡಕ್ಕೆ ಸಿಕ್ಕಾಗ ಕಿಡಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳದಿರುವ ಗುಣ) ಪೆಟ್ರೋಲಿಗಿಂತ ಹೆಚ್ಚು. ಆ ಗುಣವನ್ನು ಬಳಸಿಕೊಳ್ಳುವಂತೆ ಕಂಪ್ರೆಷನ್ ಅನುಪಾತವನ್ನೂ (ಉರಿಯುವ ಮುನ್ನ ಮಿಶ್ರಣವನ್ನು ಎಷ್ಟು ಅದುಮಲಾಗುತ್ತದೆ ಎಂಬ ಅಳತೆ) ಕಿಡಿ ಹಾರುವ ಸಮಯವನ್ನೂ ಹೊಂದಿಸಿದ ಎಂಜಿನ್ ನಷ್ಟದ ಒಂದು ಪಾಲನ್ನು ಮರಳಿ ಗಳಿಸುತ್ತದೆ. ನಿಮ್ಮ 2019ರ ಕಾರು ಹಾಗೆ ಇ20ಗೆಂದು ಹೊಂದಿಸಿದ ಕಾಲದ್ದಲ್ಲ. ನೀತಿ ಆಯೋಗದ 2021ರ ವರದಿಯೇ, ಶುದ್ಧ ಪೆಟ್ರೋಲಿಗೆಂದು ರೂಪಿಸಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ. 6ರಿಂದ 7, ಇ10ಗೆ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2 ಇಳಿಕೆಯನ್ನು ಅಂದಾಜು ಮಾಡಿತ್ತು. ಶೇ. 7 ಎಂದೇ ಹಿಡಿದರೂ ನಿಮ್ಮ 16 ಇಳಿಯುವುದು 15ರ ಹತ್ತಿರಕ್ಕೆ.

ನನ್ನದೂ ಹಳೆಯ ಕಾರೇ, 2017ರದು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಓಡೋಮೀಟರ್ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವ ಚಟ ನನಗಿದೆ (ಮನೆಯವರು ಇದನ್ನು ಜಿಪುಣತನ ಎನ್ನುತ್ತಾರೆ). ಬೆಂಗಳೂರು–ಹಾಸನದ ದಾರಿಯಲ್ಲಿ 2022ರಲ್ಲಿ ಸರಾಸರಿ 17.4 ಬರುತ್ತಿತ್ತು, 2025ರಲ್ಲಿ 16.7 ಬಂತು: ಶೇ. 4ರಷ್ಟು ಇಳಿಕೆ. ಅದೇ ಕಾರು ನಗರದೊಳಗೆ ಏಸಿ ಹಾಕಿ ಸಿಗ್ನಲ್‌ಗಳ ನಡುವೆ ತೆವಳಿದ ವಾರಗಳಲ್ಲಿ, ಇಂಧನ ಬದಲಾಗದಿದ್ದರೂ, ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚುಕಡಿಮೆ ಆದದ್ದುಂಟು.

ಆದ್ದರಿಂದ ನಿಮ್ಮ ಉಳಿದ ಎರಡು ಕಿಲೋಮೀಟರನ್ನು ಬೇರೆಡೆ ಹುಡುಕಿ. ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡೇ ಇರುವ ಬ್ರೇಕ್ ಇವನ್ನು ನೋಡಿದ ಮೇಲೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಮ್ಲಜನಕ ಸೆನ್ಸರನ್ನು ಪರೀಕ್ಷಿಸಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಬೆರಕೆಗೆ ತಕ್ಕಂತೆ ಇಂಧನವನ್ನು ಎಷ್ಟು ಹೆಚ್ಚಿಸಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವುದು ಈ ಸೆನ್ಸರೇ, ಅದು ಹಳತಾಗಿ ತಪ್ಪು ಹೇಳತೊಡಗಿದರೆ ಪೆಟ್ರೋಲ್ ಸುಮ್ಮನೆ ಪೋಲಾಗುತ್ತದೆ.

ಬಂಕಿನಲ್ಲಿ ನಾವು ಹಣ ಕೊಡುವುದು ಲೀಟರಿಗೇ ಹೊರತು ಅದರೊಳಗಿನ ಶಕ್ತಿಗಲ್ಲ. ಶಕ್ತಿ ಇಳಿದಷ್ಟು ದರವೂ ಇಳಿಯಬೇಕಿತ್ತು ಎಂಬ ದೂರು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಆದರೆ ದೂರುವ ಮೊದಲು, ಒಂದೇ ಬಂಕಿನಲ್ಲಿ, ನಳಿಕೆ ಮೊದಲ ಸಲ ತಾನಾಗಿ ನಿಂತಲ್ಲಿಗೇ ನಿಲ್ಲಿಸಿ, ಮೂರು ಬಾರಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಂಬಬೇಡಿ. ಆಗಲೂ 13 ಬಂದರೆ ಕಾರನ್ನು ಮೆಕ್ಯಾನಿಕ್ ಬಳಿಗೆ ಒಯ್ಯಿರಿ.