ಹಾಸಿಗೆ ಹಿಡಿದ ಬೆಳೆದ ಮಗನನ್ನು ವಯಸ್ಸಾದ ತಾಯಿ ಒಬ್ಬರೇ ಮಗ್ಗುಲು ಬದಲಿಸುವುದು ಹೇಗೆ?

ಎತ್ತಬೇಡಿ, ಎಳೆಯಲೂಬೇಡಿ, ಉರುಳಿಸಿ. ನಿಮ್ಮಿಂದ ಆಚೆಗಿರುವ ಮೊಣಕಾಲನ್ನು ಮಡಚಿ ನಿಲ್ಲಿಸಿ, ಆ ಕಡೆಯ ಕೈಯನ್ನು ಎದೆಯ ಮೇಲಿಡಿ. ಆ ಮೊಣಕಾಲು, ಭುಜ ಎರಡನ್ನೂ ಹಿಡಿದು ಒಟ್ಟಿಗೆ ನಿಮ್ಮತ್ತ ತನ್ನಿ. ಮಡಚಿದ ಕಾಲು ಸನ್ನೆಗೋಲಿನಂತೆ ಸೊಂಟವನ್ನು ತಿರುಗಿಸುತ್ತದೆ. ನಿಮ್ಮ ಬೆನ್ನಿಗೆ ಭಾರ ಕಡಿಮೆ. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮಾತ್ರ ಜರುಗುತ್ತದೆ. ನಡುವಿನ ರಕ್ತನಾಳಗಳು ಜಗ್ಗಿ ಹುಣ್ಣಾಗುವುದು ಹೀಗೆ.

ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಿಸಬೇಕು. ಎಪ್ಪತ್ತರ ಜೀವಕ್ಕೆ ರಾತ್ರಿಯಿಡೀ ಇದು ನಿಜಕ್ಕೂ ಕಷ್ಟ, ಗಂಡ ಹೆಂಡತಿ ಸರದಿ ಹಾಕಿಕೊಳ್ಳಿ. ಏರ್‌ಬೆಡ್ಡಿಗೆ ದುಡ್ಡಿಲ್ಲದಿದ್ದರೆ ಹಳೆ ಸೀರೆ ಮಡಚಿ ಮೀನಖಂಡದ ಕೆಳಗಿಡಿ. ಹಿಮ್ಮಡಿ ಹಾಸಿಗೆಗೆ ತಾಗಬಾರದು. ತೂತಿನ ರಿಂಗ್ ದಿಂಬು ಬೇಡ, ಅದರ ಅಂಚೇ ರಕ್ತ ತಡೆಯುತ್ತದೆ. ಬೆರಳಲ್ಲಿ ಒತ್ತಿದರೂ ಬಿಳಿಚದ ಕೆಂಪು ಕಂಡರೆ ಉಜ್ಜದೆ, ಆ ಮಗ್ಗುಲು ಬಿಟ್ಟು ಮಲಗಿಸಿ, ಬೇಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.