15,000 ರೂಪಾಯಿಯಲ್ಲಿ ಐವರ ವಾಟರ್ ಪಾರ್ಕ್ ಪ್ರವಾಸ

ಪ್ರಶ್ನೆ: ಮಾನ್ಯರೇ, ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಬಳಿಯ ಹಳ್ಳಿ. ಯಜಮಾನರು ಗ್ಯಾರೇಜಿನಲ್ಲಿ ದುಡಿಯುತ್ತಾರೆ. ನಾನು ಮನೆಯ ಹಿತ್ತಿಲಿನ ಮಲ್ಲಿಗೆ ಕೊಯ್ದು, ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಡುತ್ತೇನೆ. 13 ವರ್ಷದ ಮಗಳು, 7 ವರ್ಷದ ಮಗ, 68 ವರ್ಷದ ಅತ್ತೆ ಇದ್ದಾರೆ. ತರಗತಿಯ ಮಕ್ಕಳೆಲ್ಲ ಬಿಡದಿಯ ವಂಡರ್‌ಲಾ ನೋಡಿ ಬಂದಿದ್ದಾರೆಂದು ಮಗಳು ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಹೂವಿನ ಹಣದಲ್ಲಿ 15,000 ರೂಪಾಯಿ ಕೂಡಿಟ್ಟಿದ್ದೇನೆ. ದಸರಾ ರಜೆಯಲ್ಲಿ ಕಾರು ಗೊತ್ತು ಮಾಡಿಕೊಂಡು ಹೋಗೋಣ, ಸಾಲದ ಹಣವನ್ನು ಕಂತಿನಲ್ಲಿ ತೀರಿಸಿದರಾಯಿತು ಎಂದು ಯಜಮಾನರು ಹೇಳುತ್ತಾರೆ. ಅರ್ಧ ದರಕ್ಕೆ ಟಿಕೆಟ್ ಕೊಡಿಸುವುದಾಗಿ ವಾಟ್ಸ್‌ಆ್ಯಪಿನಲ್ಲಿ ಒಂದು ಸಂದೇಶವೂ ಬಂದಿದೆ. ಅತ್ತೆಯವರಿಗೆ ಮಂಡಿನೋವು ಇದೆ, ಆದರೂ ಬಿಟ್ಟುಹೋಗಲು ಮನಸ್ಸಿಲ್ಲ. ದಾರಿ ತಿಳಿಸಿ.

ಉತ್ತರ: ಮೊದಲು ಎರಡು ಬಾಗಿಲುಗಳನ್ನು ಮುಚ್ಚಿಬಿಡೋಣ. ಒಂದು ದಿನದ ಆಟಕ್ಕೆ ವರ್ಷದ ಕಂತು ಕಟ್ಟುವುದು ಬೇಡ. ಅರ್ಧ ದರದ ಸಂದೇಶವನ್ನು ಅಳಿಸಿಹಾಕಿ. ಪಾರ್ಕಿನವರು ಕೊಡುವ ರಿಯಾಯಿತಿ ಅವರ ಸ್ವಂತ ಜಾಲತಾಣದಲ್ಲೋ ಅವರ ಟಿಕೆಟ್ ಕೌಂಟರಿನಲ್ಲೋ ಕಾಣಿಸಬೇಕೇ ಹೊರತು, ಗುರುತಿಲ್ಲದ ಸಂಖ್ಯೆಗೆ ಮುಂಗಡವಾಗಿ ಹಣ ಕಳುಹಿಸಿದ ಮೇಲೆ ಬರುವಂಥದ್ದಲ್ಲ.

ಇನ್ನು ಬಿಡದಿಯ ಮಾತು. ವಂಡರ್‌ಲಾ ಬೆಂಗಳೂರು–ಮೈಸೂರು ರಸ್ತೆಯಲ್ಲಿದೆ. ಉಡುಪಿಯಿಂದ ಅಲ್ಲಿಗೆ ಹೋಗಿಬರುವುದೆಂದರೆ ಎರಡು ರಾತ್ರಿಯ ಪ್ರಯಾಣ. ಖರ್ಚು ತಗ್ಗಿಸುವ ಉಪಾಯ ಇದೆ ಎನ್ನುವುದು ನಿಜ: 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ನೀವು, ಮಗಳು, ಅತ್ತೆ ಮೂವರೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಹೋಗಬಹುದು. ಆದರೆ ರಾಜಹಂಸ, ಸ್ಲೀಪರ್, ಐರಾವತಗಳಿಗೆ ಆ ಸೌಲಭ್ಯವಿಲ್ಲ. ಅಂದರೆ ಉಚಿತವಾಗಿ ಹೋಗಬೇಕಾದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿಯಿಡೀ ಕುಳಿತೇ ಹೋಗಬೇಕು, ಹಗಲೆಲ್ಲ ಪಾರ್ಕಿನಲ್ಲಿ ನಡೆಯಬೇಕು, ಮತ್ತೆ ರಾತ್ರಿ ಕುಳಿತೇ ಮರಳಬೇಕು. ಮಕ್ಕಳಿಗೆ ಅದೂ ಒಂದು ಸಂಭ್ರಮ. ಮಂಡಿನೋವಿರುವ ಹಿರಿಯರಿಗೆ ಶಿಕ್ಷೆ. ಅವರಿಗಾಗಿ ಸ್ಲೀಪರ್ ಹಿಡಿದು, ಬೆಂಗಳೂರಿನಲ್ಲಿ ಒಂದು ಕೋಣೆಯನ್ನೂ ಮಾಡಿದರೆ ನಿಮ್ಮ ಹಣದ ದೊಡ್ಡ ಪಾಲು ಪಾರ್ಕಿನ ಬಾಗಿಲು ಕಾಣುವ ಮೊದಲೇ ಕರಗುತ್ತದೆ. ಬಾಡಿಗೆ ಕಾರಿನ ಲೆಕ್ಕ ಇದಕ್ಕಿಂತ ಭಾರ, ಏಕೆಂದರೆ ಕಿಲೋಮೀಟರಿನ ಹಣದ ಜೊತೆಗೆ ಚಾಲಕರ ಬಾಟಾ, ಟೋಲ್, ಪಾರ್ಕಿಂಗ್ ಎಲ್ಲವೂ ನಿಮ್ಮ ಹೆಗಲಿಗೇ ಬರುತ್ತವೆ.

ಟಿಕೆಟಿನ ವಿಷಯದಲ್ಲಿ ಬಹಳ ಮಂದಿ ಎಡವುವುದು ವಯಸ್ಸನ್ನು ನೆಚ್ಚಿಕೊಂಡು. ಬಸ್ಸು, ರೈಲುಗಳು ಮಗುವಿನ ವಯಸ್ಸು ಕೇಳುತ್ತವೆ. ಥೀಮ್ ಪಾರ್ಕುಗಳು ಸಾಮಾನ್ಯವಾಗಿ ಎತ್ತರ ಅಳೆಯುತ್ತವೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಇಲ್ಲ, 140 ಮೀರಿದರೆ ದೊಡ್ಡವರ ಟಿಕೆಟ್. 13 ವರ್ಷದ ಮಗಳು ದೊಡ್ಡವರ ಲೆಕ್ಕಕ್ಕೇ ಬರುವ ಸಂಭವ ಹೆಚ್ಚು, ಆದ್ದರಿಂದ ಇಂದೇ ಗೋಡೆಗೆ ನಿಲ್ಲಿಸಿ ಇಬ್ಬರನ್ನೂ ಅಳೆಯಿರಿ. ಅದೇ ಅಳತೆ ಯಾವ ಯಾವ ಆಟಕ್ಕೆ ಮಗನನ್ನು ಬಿಡುತ್ತಾರೆ ಎಂಬುದನ್ನೂ ನಿರ್ಧರಿಸುತ್ತದೆ: ಎದೆ ಝಲ್ಲೆನಿಸುವ ದೊಡ್ಡ ಆಟಗಳು ಹೆಚ್ಚಾಗಿ ಎತ್ತರದವರಿಗೇ ಮೀಸಲು. ಇನ್ನೊಂದು ಮಾತು, ಬೆಂಚಿನ ಮೇಲೆ ಕುಳಿತು ಚೀಲ ಕಾಯುವವರಿಗೆಂದು ಬೇರೆ ಟಿಕೆಟ್ ಇರುವುದಿಲ್ಲ. ಒಳಗೆ ಕಾಲಿಟ್ಟವರೆಲ್ಲ ಹಣ ಕೊಡಲೇಬೇಕು. ಹೀಗಾಗಿ ನಿಮ್ಮ ಲೆಕ್ಕದಲ್ಲಿ ಮುಖ್ಯವಾದದ್ದು ಟಿಕೆಟ್ ಎಷ್ಟು ಎಂಬುದಲ್ಲ, ಟಿಕೆಟ್ ಕೊಂಡ ಐವರಲ್ಲಿ ನಿಜವಾಗಿ ಆಡುವವರು ಎಷ್ಟು ಮಂದಿ ಎಂಬುದು. ಅತ್ತೆಯವರು ಆಡುವುದಿಲ್ಲ. ಮಗ ಅರ್ಧ ಆಟಗಳನ್ನು ಆಡಬಹುದು. ಅವನ ಜೊತೆಗಿರಲು ನಿಮ್ಮಿಬ್ಬರಲ್ಲಿ ಒಬ್ಬರು ಆಟ ಬಿಡಬೇಕಾಗುತ್ತದೆ.

ಇಷ್ಟನ್ನು ಎದುರಿಗಿಟ್ಟುಕೊಂಡು ನೋಡಿದರೆ, ಈ ಸಲಕ್ಕೆ ಬಿಡದಿಯನ್ನು ಬಿಟ್ಟು ದಕ್ಷಿಣಕ್ಕೆ ಹೊರಳುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ ವಿಸ್ಮಯ ಎಂಬ ವಾಟರ್ ಥೀಮ್ ಪಾರ್ಕ್ ಇದೆ. ಸಹಕಾರಿ ಸಂಘವೊಂದು ನಡೆಸುವ ಪಾರ್ಕು ಅದು. ಮಂಗಳೂರಿನಿಂದ ಕಣ್ಣೂರಿಗೆ ರೈಲಿನಲ್ಲಿ ಸುಮಾರು 130 ಕಿಲೋಮೀಟರು, ಅಲ್ಲಿಂದ ಮುಂದಕ್ಕೆ ಬಸ್ಸು ಸಿಗುತ್ತದೆ. ಬಿಡದಿಯ ಪಾರ್ಕಿನಷ್ಟು ದೊಡ್ಡದಲ್ಲ ಎಂಬುದನ್ನು ಮಗಳಿಗೆ ಮುಚ್ಚಿಡಬೇಡಿ. ಆದರೆ 7 ವರ್ಷದ ಹುಡುಗನಿಗೆ ನೀರು ಸಿಕ್ಕರೆ ಸಾಕು, ಪಾರ್ಕಿನ ಹೆಸರು ಅವನಿಗೆ ಬೇಕಾಗಿಲ್ಲ.

ಅದೇ ಊರಿನಲ್ಲಿ ಹೊಳೆಯ ದಡಕ್ಕೆ ಮುತ್ತಪ್ಪನ ಪ್ರಸಿದ್ಧ ಸನ್ನಿಧಿ ಇದೆ. ಅಲ್ಲಿ ಹೆಚ್ಚಿನ ದಿನಗಳಲ್ಲಿ ತೆಯ್ಯಂ ಎಂಬ ದೈವಾರಾಧನೆ ನಡೆಯುತ್ತದೆ. ಕೋಲ, ನೇಮ ನೋಡುತ್ತ ಬೆಳೆದ ನಿಮ್ಮ ಅತ್ತೆಯವರಿಗೆ ಆ ವೇಷ, ಆ ನುಡಿಗಟ್ಟು ಪರಕೀಯ ಅನ್ನಿಸದು. ಬಂದ ಭಕ್ತರಿಗೆ ಬೇಯಿಸಿದ ಕಾಳು, ತೆಂಗಿನಕಾಯಿಯ ಹೋಳು, ಚಹಾ ಪ್ರಸಾದವಾಗಿ ಸಿಗುತ್ತದೆ. ಸನ್ನಿಧಿಯ ಒಳಗೇ ನಾಯಿಗಳು ನಿರಾತಂಕವಾಗಿ ಓಡಾಡುತ್ತವೆ, ಅವು ಮುತ್ತಪ್ಪನಿಗೆ ಪ್ರಿಯವಾದವು. ಮಗನಿಗೆ ನಾಯಿಯೆಂದರೆ ಭಯವಿದ್ದರೆ ಮೊದಲೇ ಹೇಳಿಟ್ಟಿರಿ. ಹೀಗೆ ಅತ್ತೆಯವರು ಚೀಲ ಕಾಯಲು ಬಂದವರಾಗದೆ ತಮ್ಮದೇ ಯಾತ್ರೆಗೆ ಬಂದವರಾಗುತ್ತಾರೆ. ಪಾರ್ಕಿನ ದಿನ ಅವರು ಕೋಣೆಯಲ್ಲೇ ವಿಶ್ರಾಂತಿ ಪಡೆಯುತ್ತಾರೋ ಒಳಗೆ ಬರುತ್ತಾರೋ ಎಂಬುದನ್ನು ಅವರನ್ನೇ ಕೇಳಿ. ಅವರ ಪರವಾಗಿ ನೀವು ನಿರ್ಧರಿಸಬೇಡಿ. ಬರುವುದಾದರೆ ಆಧಾರ್ ಚೀಟಿ ಜೊತೆಯಲ್ಲಿರಲಿ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ.

ದಸರಾ ರಜೆಯೇ ಈ ಆಯ್ಕೆಗೆ ಇನ್ನೊಂದು ಕಾರಣ. ಆ ದಿನಗಳಲ್ಲಿ ಕರ್ನಾಟಕದ ಶಾಲೆಗಳೆಲ್ಲ ಮುಚ್ಚಿರುವುದರಿಂದ ಬಿಡದಿಯಲ್ಲಿ ಒಂದೊಂದು ಆಟಕ್ಕೂ ಸಾಲು ಉದ್ದ, ಬೆಂಗಳೂರಿನ ಬಸ್ಸುಗಳಲ್ಲಿ ಸೀಟಿಗೂ ಪರದಾಟ. ಕೇರಳದ ಶಾಲೆಗಳಿಗೆ ದೊಡ್ಡ ರಜೆ ಓಣಂ ಮತ್ತು ಕ್ರಿಸ್‌ಮಸ್‌ಗೆ. ನವರಾತ್ರಿಗೆ ಕೊನೆಯ ಕೆಲವು ದಿನ ಮಾತ್ರ. ಆದ್ದರಿಂದ ನಮ್ಮ ರಜೆಯ ಮೊದಲ ವಾರದಲ್ಲಿ, ಶನಿವಾರ, ಭಾನುವಾರ ಬಿಟ್ಟು, ಹೋದರೆ ಅಲ್ಲಿ ಜನಸಂದಣಿ ಕಡಿಮೆ. ಮಹಾನವಮಿ, ವಿಜಯದಶಮಿಯನ್ನು ಖಂಡಿತ ತಪ್ಪಿಸಿ.

ಆದರೆ ನವರಾತ್ರಿ ಎಂದರೆ ನಿಮ್ಮ ಮಲ್ಲಿಗೆಗೆ ಬೇಡಿಕೆಯ ಕಾಲವೂ ಹೌದು. ಹೋಗಿಬರುವ ಖರ್ಚನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ಮನೆಯಲ್ಲಿಲ್ಲದ ದಿನಗಳ ದುಡಿಮೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದಕ್ಕಾಗಿ ಪ್ರಯಾಣವನ್ನು ಹೀಗೆ ಹೊಂದಿಸಬಹುದು: ಹೊರಡುವ ದಿನ ಬೆಳಗ್ಗೆ ಎಂದಿನಂತೆ ಹೂ ಕೊಯ್ದು, ಕಟ್ಟಿ ಕೊಟ್ಟು, ಮಂಗಳೂರಿಗೆ ಬಂದು ಮಧ್ಯಾಹ್ನದ ರೈಲು ಹಿಡಿಯಿರಿ. ಸಂಜೆ ಮುತ್ತಪ್ಪನ ದರ್ಶನ, ರಾತ್ರಿ ಅಲ್ಲೇ ಸಾಧಾರಣವಾದ ಒಂದು ಲಾಡ್ಜಿನಲ್ಲಿ ವಾಸ. ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಪಾರ್ಕಿನಲ್ಲಿದ್ದು, ಸಂಜೆಯ ರೈಲಿಗೆ ಮರಳಿದರೆ ತಪ್ಪುವುದು ಒಂದೇ ದಿನದ ಹೂವು. ಅದನ್ನೂ ನೆರೆಮನೆಯವರಿಗೆ ಅರ್ಧ ಪಾಲಿಗೆ ವಹಿಸಿಕೊಟ್ಟರೆ ಗಿಡದಲ್ಲಿ ಮೊಗ್ಗು ಅರಳಿ ಹಾಳಾಗುವುದಿಲ್ಲ.

ಮನೆಯಿಂದ ಮಂಗಳೂರಿನವರೆಗೆ ಮಾತ್ರ ಶಕ್ತಿ ಯೋಜನೆ ನಿಮಗೆ ಉಪಯೋಗಕ್ಕೆ ಬರಬಹುದು, ಅದೂ ಸರ್ಕಾರಿ ಬಸ್ಸು ಸಿಕ್ಕರೆ; ನಮ್ಮ ಕರಾವಳಿಯಲ್ಲಿ ಹತ್ತುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು ಎಂಬುದು ನಿಮಗೆ ಗೊತ್ತೇ ಇದೆ. ರೈಲಿನಲ್ಲಿ ಮಗನಿಗೆ ಪ್ರತ್ಯೇಕ ಸೀಟು ಕೇಳದಿದ್ದರೆ ಅರ್ಧ ದರ, ಕೇಳಿದರೆ ಪೂರ್ಣ ದರ. ಮುಂಗಡ ಕಾದಿರಿಸುವ ಅವಧಿ ಈಗ 60 ದಿನ, ಆದ್ದರಿಂದ ಶಾಲೆಯಿಂದ ರಜೆಯ ದಿನಾಂಕ ತಿಳಿದ ಕೂಡಲೇ ಹೋಗುವ ಮತ್ತು ಬರುವ ಎರಡೂ ಟಿಕೆಟುಗಳನ್ನು ಒಟ್ಟಿಗೇ ಮಾಡಿಸಿ. ಸಂಜೆ ಸುಸ್ತಾದ ಮಕ್ಕಳನ್ನೂ ಹಿರಿಯರನ್ನೂ ಕಟ್ಟಿಕೊಂಡು ಸಾಮಾನ್ಯ ಬೋಗಿಗೆ ನುಗ್ಗುವುದು ಉಳಿತಾಯವಲ್ಲ.

ಹಣವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಪಾರ್ಕಿನ ಟಿಕೆಟುಗಳಿಗೆ 6,000 ರೂಪಾಯಿಯ ಮಿತಿ, ಕೋಣೆಗೆ 2,000, ರೈಲು, ಬಸ್ಸು, ಆಟೋ ಎಲ್ಲ ಸೇರಿ 2,000, ಊಟ ತಿಂಡಿಗೆ 2,000, ನೀರಿನ ಉಡುಪಿಗೆ 1,000. ಮಿಕ್ಕ 2,000ವನ್ನು ಬೇರೆ ಕವರಿನಲ್ಲಿಟ್ಟು, ಜ್ವರ, ಗಾಯ, ತಪ್ಪಿದ ರೈಲು ಇಂಥದ್ದಕ್ಕಲ್ಲದೆ ತೆಗೆಯಬೇಡಿ. ಟಿಕೆಟ್ ಕೊಳ್ಳುವ ಮುನ್ನ ತೋರಿಸಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ ನೋಡಿಕೊಳ್ಳಿ. ಇಂಥ ಪಾರ್ಕುಗಳ ಮೇಲಿದ್ದ ಶೇಕಡಾ 28ರ ತೆರಿಗೆಯನ್ನು 2018ರ ಜನವರಿಯಲ್ಲಿ 18ಕ್ಕೆ ಇಳಿಸಿದ್ದರು. ಹಾಗಿದ್ದರೂ ಐದು ಟಿಕೆಟಿನ ಮೇಲೆ ಅದು ಒಂದು ಹೊತ್ತಿನ ಊಟದ ಹಣ.

ಉಡುಪಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನೇ ಪಾಠ ಕಲಿತವನು. ಹಲವು ವರ್ಷಗಳ ಹಿಂದೆ ಮನೆಯವರೊಂದಿಗೆ ಒಂದು ಪಾರ್ಕಿಗೆ ಹೋಗಿದ್ದಾಗ, ಹತ್ತಿ ಬಟ್ಟೆ ತೊಟ್ಟವರನ್ನು ನೀರಿಗೆ ಬಿಡುವುದಿಲ್ಲವೆಂದು ನಮ್ಮ ನಾಲ್ವರನ್ನೂ ಕೊಳದ ಅಂಚಿನಲ್ಲೇ ತಡೆದರು. ಒಳಗಿನ ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಉಡುಪು ಕೊಂಡಾಗ ಮಧ್ಯಾಹ್ನದ ಊಟದ ಹಣ ಹೋಗಿತ್ತು. ಆ ಬಟ್ಟೆ ಮತ್ತೊಮ್ಮೆ ಉಪಯೋಗಕ್ಕೆ ಬರಲಿಲ್ಲ. ನಿಯಮದಲ್ಲಿ ತಪ್ಪೇನೂ ಇಲ್ಲ: ಹತ್ತಿ ನೀರು ಹೀರಿ ಭಾರವಾಗುತ್ತದೆ, ಜಾರುಬಂಡೆಯಲ್ಲಿ ತಡೆಯುತ್ತದೆ, ಅದರ ನೂಲು ಶೋಧಕಗಳಲ್ಲಿ ಸೇರಿಕೊಳ್ಳುತ್ತದೆ. ಸೀರೆ, ಚೂಡಿದಾರವೂ ನಡೆಯುವುದಿಲ್ಲ. ಉಡುಪಿಯ ಪೇಟೆಯಲ್ಲೇ ನೈಲಾನ್ ಅಥವಾ ಲೈಕ್ರಾದ ಉದ್ದ ಕಾಲಿನ, ಉದ್ದ ತೋಳಿನ ಉಡುಪನ್ನು ಮೊದಲೇ ಕೊಂಡರೆ ನಿಮಗೆ ಸಂಕೋಚವೂ ಇರದು. ಟವೆಲು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಲಾಕರಿಗೆ ಒಂದಿಷ್ಟು ಚಿಲ್ಲರೆ ಜೊತೆಯಲ್ಲಿರಲಿ. ಚಿನ್ನವನ್ನು ಮನೆಯಲ್ಲೇ ಬಿಡಿ.

ಹೊರಗಿನ ಆಹಾರವನ್ನು ಸಾಮಾನ್ಯವಾಗಿ ಪಾರ್ಕಿನೊಳಗೆ ಬಿಡುವುದಿಲ್ಲ. ಹಾಗೆಂದು ಬುತ್ತಿ ವ್ಯರ್ಥವಲ್ಲ. ಮನೆಯಲ್ಲಿ ಮಾಡಿದ ಬನ್ಸ್ ಮರುದಿನವೂ ಕೆಡುವುದಿಲ್ಲ, ಚಪಾತಿ ಚಟ್ನಿಪುಡಿ ಹೋಗುವಾಗಿನ ರೈಲಿಗೆ ಆಯಿತು. ಪಾರ್ಕಿನ ದಿನ ಬೆಳಗ್ಗೆ ಹೊರಗೆ ಹೊಟ್ಟೆ ತುಂಬ ತಿಂದು ಹೋಗಿ, ಒಳಗೆ ಒಂದೇ ಊಟ ಕೊಂಡರೆ ಸಾಕಾಗುತ್ತದೆ.

ಮಗಳಿಗೆ ಈ ಲೆಕ್ಕದ ಹಾಳೆಯನ್ನೇ ಕೊಟ್ಟು ಕೂರಿಸಿ. ಎರಡು ವರ್ಷ ಕಾದವಳಿಗೆ ಕಾರಣ ಕೇಳುವ ಹಕ್ಕಿದೆ. ಆಗಲೂ ಅವಳಿಗೆ ಬಿಡದಿಯೇ ಬೇಕೆಂದರೆ, ತಂದೆ ಮಗಳು ಇಬ್ಬರೇ ಜನವರಿಯ ಯಾವುದಾದರೂ ವಾರದ ದಿನ ಹೋಗಿ ಬರಬಹುದು. ಅವಳಿಗೆ ವೇಗದೂತದಲ್ಲಿ ಟಿಕೆಟ್ ಹಣವಿಲ್ಲ, ಕೊಂಡ ಎರಡು ಪಾರ್ಕ್ ಟಿಕೆಟುಗಳಲ್ಲಿ ಎರಡೂ ಆಡುವವರದ್ದೇ.

ಪ್ರಶ್ನೆ: ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಮಗುವಿಗೆ ಮೂರು ವರ್ಷ. ಹುಟ್ಟುಹಬ್ಬಕ್ಕೆ ಬೆಂಗಳೂರಿನ ದೊಡ್ಡ ಪಾರ್ಕಿಗೆ ಕರೆದೊಯ್ಯಬೇಕೆಂದಿದ್ದೇವೆ. ಕೈಯಲ್ಲಿರುವುದು 5,000 ರೂಪಾಯಿ.

ಉತ್ತರ: ಬೇಡ. ಮೂರು ವರ್ಷದ ಮಗುವಿಗೆ ಅಲ್ಲಿ ಆಡಲು ಸಿಗುವುದು ಬಹಳ ಕಡಿಮೆ, ಆದರೆ ಎತ್ತರ 85 ಸೆಂಟಿಮೀಟರ್ ದಾಟಿದ್ದರೆ ಟಿಕೆಟ್ ಮಾತ್ರ ಕೊಳ್ಳಬೇಕು. ನಿಮ್ಮ ಊರಿನಲ್ಲೇ ವಾಮಂಜೂರಿನ ಬಳಿ ಪಿಲಿಕುಳ ನಿಸರ್ಗಧಾಮ ಇದೆ, ಸಿಟಿ ಬಸ್ಸಿನಲ್ಲೇ ಹೋಗಬಹುದು. ಡಾ. ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನದಲ್ಲಿ ಬೆಳಗಿನ ತಂಪಿನಲ್ಲೇ ಹುಲಿ, ಚಿರತೆ, ಹಾವುಗಳನ್ನು ತೋರಿಸಿ. ಬಿಸಿಲೇರಿದ ಮೇಲೆ ಪ್ರಾಣಿಗಳೂ ಮಲಗುತ್ತವೆ, ಮಗುವೂ ಮಲಗುತ್ತದೆ. ನೀರಾಟ ಬೇಕೆಂದರೆ ಅಲ್ಲಿಯೇ ಮಾನಸ ವಾಟರ್ ಪಾರ್ಕ್ ಇದೆ, ಮಕ್ಕಳ ಆಳವಿಲ್ಲದ ಕೊಳದಲ್ಲಿ ಒಂದು ಗಂಟೆ ಧಾರಾಳವಾಯಿತು. 2018ರಲ್ಲಿ ಆರಂಭವಾದ ತಾರಾಲಯ ಚೆನ್ನಾಗಿದೆ, ಆದರೆ ಕತ್ತಲಲ್ಲಿ ಸುಮ್ಮನೆ ಕೂರುವ ವಯಸ್ಸು ಬರುವವರೆಗೆ ಅದನ್ನು ಉಳಿಸಿಡಿ. ಇಷ್ಟೆಲ್ಲ ಆದ ಮೇಲೂ ನಿಮ್ಮ 5,000ದಲ್ಲಿ ಸಾಕಷ್ಟು ಮನೆಗೆ ಮರಳುತ್ತದೆ. ಹುಟ್ಟುಹಬ್ಬ ಸೋಮವಾರ ಬಿದ್ದಿದ್ದರೆ ಹಿಂದಿನ ಅಥವಾ ಮರುದಿನ ಹೋಗಿ. ಸೋಮವಾರ ಪಿಲಿಕುಳಕ್ಕೆ ರಜೆ.